ಅಡಿಕೆಯ ಲೆಕ್ಕವನ್ನು ನಾವೇ ಹಾಕೋಣ

649 ಮಂದಿಯಲ್ಲಿ 2. ಇನ್ನೊಂದು 649 ಮಂದಿಯಲ್ಲಿ 27. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳಿವು. ಮೊದಲ ಗುಂಪಿನವರು ಶ್ವಾಸಕೋಶದ ಕ್ಯಾನ್ಸರ್ ತಗುಲಿದ ಗಂಡಸರು. ಎರಡನೆಯವರು ಬೇರೆ ಕಾಯಿಲೆಗಳಿಗೆ ಆಸ್ಪತ್ರೆ ಸೇರಿದ್ದ, ಹೆಚ್ಚುಕಡಿಮೆ ಅದೇ ವಯಸ್ಸಿನ ಗಂಡಸರು. ಯಾವತ್ತೂ ಧೂಮಪಾನ ಮಾಡದವರು ಮೊದಲ ಗುಂಪಿನಲ್ಲಿ ಇಬ್ಬರು, ಎರಡನೆಯದರಲ್ಲಿ ಇಪ್ಪತ್ತೇಳು.

ಇದನ್ನು ಶೇಕಡಾವಾರು ಮಾಡಿ ಬೋರ್ಡಿನ ಮೇಲೆ ಬರೆದಾಗಲೆಲ್ಲ ನನ್ನ ತರಗತಿಯಲ್ಲಿ ಯಾರಾದರೊಬ್ಬರು ‘ಇಷ್ಟೇನಾ ಮೇಡಂ?’ ಎಂದು ಕೇಳುತ್ತಿದ್ದರು. ಕ್ಯಾನ್ಸರ್ ಆದವರಲ್ಲಿ ಸೇದುವವರು ನೂರಕ್ಕೆ 99.7, ಆಗದವರಲ್ಲಿ 95.8. ನಾಲ್ಕರಷ್ಟೂ ವ್ಯತ್ಯಾಸವಿಲ್ಲ. ಎಲ್ಲರೂ ಸೇದುವ ಊರಿನಲ್ಲಿ ಸೇದುವುದೇ ರೋಗಕ್ಕೆ ಕಾರಣ ಎಂದು ತೋರಿಸುವುದು ಹೇಗೆ? ಅದೂ ಆಸ್ಪತ್ರೆಯಲ್ಲಿ ಸಿಕ್ಕ ರೋಗಿಗಳನ್ನಷ್ಟೇ ಇಟ್ಟುಕೊಂಡು?

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1912ರಲ್ಲಿ ಹುಟ್ಟಿದ ಇವರು ಓದಿದ್ದು ಇತಿಹಾಸ. ಪದವಿಯ ಮೇಲೆ ಇನ್ನೊಂದು ಪದವಿ ಪಡೆಯಲಿಲ್ಲ. ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಕೆಲಸ ಮಾಡುತ್ತಲೇ ಸಂಖ್ಯಾಶಾಸ್ತ್ರ ಕಲಿತು, 1947ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಬಂದರು. ಮುಂದೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷರೂ ಆದರು. ನಮ್ಮ ಪದವಿ ಪಠ್ಯದಲ್ಲಿ ಅವರ ಹೆಸರು ನನಗೆ ಕಾಣಲಿಲ್ಲ. ಕಂಡದ್ದೆಲ್ಲ ಫಿಷರ್, ಪಿಯರ್‌ಸನ್, ಮತ್ತೆ ಫಿಷರ್.

1951ರಲ್ಲಿ ಕಾರ್ನ್‌ಫೀಲ್ಡ್ ತೋರಿಸಿದ್ದು ಇಷ್ಟು: ರೋಗ ಅಪರೂಪದ್ದಾದರೆ, ಆಸ್ಪತ್ರೆಯ ಈ ಕೋಷ್ಟಕದಿಂದಲೇ ಸೇದುವವರಿಗೆ ಅಪಾಯ ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಅಂದಾಜು ಮಾಡಬಹುದು. ಸೇದಿ ಕ್ಯಾನ್ಸರ್ ಆದ 647 ಮಂದಿಯನ್ನು ಸೇದದೆ, ಕ್ಯಾನ್ಸರೂ ಆಗದ 27ರಿಂದ ಗುಣಿಸಿ. ಸೇದದೆಯೂ ಕ್ಯಾನ್ಸರ್ ಆದ 2ನ್ನು ಸೇದಿಯೂ ಕ್ಯಾನ್ಸರ್ ಆಗದ 622ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 14 ಬರುತ್ತದೆ. ನಾಲ್ಕು ಶೇಕಡಾದ ಹಿಂದೆ ಹದಿನಾಲ್ಕು ಪಟ್ಟು ಅಪಾಯ ಅಡಗಿ ಕೂತಿತ್ತು. ಈ ಲೆಕ್ಕ ಮುಗಿದ ಮೇಲೆ ತರಗತಿಯಲ್ಲಿ ಬೀಳುತ್ತಿದ್ದ ಮೌನ ನನ್ನ ವೃತ್ತಿಯ ದೊಡ್ಡ ಸಂತೋಷಗಳಲ್ಲಿ ಒಂದು.

ಆದರೆ ನಾನು ಇಂದು ಬರೆಯಲು ಹೊರಟದ್ದು ಅವರ 1959ರ ಕೆಲಸದ ಬಗ್ಗೆ. ಆ ಹೊತ್ತಿಗೆ ರೊನಾಲ್ಡ್ ಫಿಷರ್ ಸಿಗರೇಟಿನ ಪರವಾಗಿ ನಿಂತಿದ್ದರು. ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮನುಷ್ಯ. ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಗೆಳೆಯರಾಗಿ ಕಲ್ಕತ್ತೆಗೆ ಮತ್ತೆ ಮತ್ತೆ ಬಂದವರು. ನಾವು ಅವರನ್ನು ಗುರುವಿನ ಸ್ಥಾನದಲ್ಲಿಟ್ಟು ಓದಿದವರು. ಅವರೇ ತಂಬಾಕು ಕಂಪನಿಗಳ ಸಲಹೆಗಾರರೂ ಆಗಿದ್ದರು. ಸೇದುವವರಲ್ಲೇ ಹುಟ್ಟಿನಿಂದ ಏನೋ ಒಂದು ಗುಣ ಇರಬಹುದು, ಅದು ಅವರನ್ನು ಸಿಗರೇಟಿಗೂ ಎಳೆಯುತ್ತದೆ, ಕ್ಯಾನ್ಸರನ್ನೂ ತರುತ್ತದೆ, ಸಿಗರೇಟು ನಿರಪರಾಧಿ ಎಂಬುದು ಅವರ ವಾದ. ತರ್ಕದಲ್ಲಿ ಅದು ತಪ್ಪಲ್ಲ. ಎರಡು ಸಂಗತಿಗಳು ಜೊತೆಗೆ ಕಂಡವೆಂದು ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಾನೂ ಪಾಠ ಹೇಳಿದ್ದೇನೆ.

ಕಾರ್ನ್‌ಫೀಲ್ಡ್ ಮತ್ತು ಐವರು ಸಂಗಡಿಗರು ಆ ವಾದವನ್ನು ತಳ್ಳಿಹಾಕಲಿಲ್ಲ. ಅದನ್ನು ಒಪ್ಪಿಕೊಂಡೇ ಅದರ ಬೆಲೆ ಲೆಕ್ಕಹಾಕಿದರು. ಆ ಕಾಣದ ಕಾರಣಕ್ಕೆ ‘ಹಾರ್ಮೋನ್ ಎಕ್ಸ್’ ಎಂದು ಹೆಸರಿಟ್ಟರು. ಸೇದುವವರಿಗೆ ಅಪಾಯ ಒಂಬತ್ತು ಪಟ್ಟು ಇದೆ, ಅದಷ್ಟೂ ಎಕ್ಸ್‌ನಿಂದಲೇ ಬಂದದ್ದು ಎನ್ನುವುದಾದರೆ, ಸೇದುವವರಲ್ಲಿ ಎಕ್ಸ್ ಇರುವವರ ಪ್ರಮಾಣ ಸೇದದವರಲ್ಲಿ ಇರುವುದಕ್ಕಿಂತ ಕನಿಷ್ಠ ಒಂಬತ್ತು ಪಟ್ಟು ಇರಲೇಬೇಕು. ಸೇದದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಎಕ್ಸ್ ಇದ್ದರೆ ಸೇದುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಇರಬೇಕು. ಇಪ್ಪತ್ತು ಮಂದಿಗೆ ಇದ್ದರೆ? ನೂರಕ್ಕೆ ನೂರಾ ಎಂಬತ್ತು ಬೇಕಾಗುತ್ತದೆ, ಅದು ಆಗದ ಮಾತು. ಅಷ್ಟು ಪ್ರಬಲವಾದ ಎಕ್ಸ್ ಒಂದು ಇದ್ದರೆ ತೋರಿಸಿ ಎಂದರು. ಯಾರೂ ತೋರಿಸಲಿಲ್ಲ. 1964ರ ಜನವರಿಯಲ್ಲಿ ಅಮೆರಿಕ ಸರ್ಕಾರದ ವೈದ್ಯಾಧಿಕಾರಿ ಲೂಥರ್ ಟೆರ್ರಿ, ಸಿಗರೇಟು ಕ್ಯಾನ್ಸರಿಗೆ ಕಾರಣ ಎಂಬ ವರದಿಯನ್ನು ಬಿಡುಗಡೆ ಮಾಡಿದರು.

ಅನುಮಾನ ಪಡುವವನೂ ತನ್ನ ಅನುಮಾನವನ್ನು ಅಂಕಿಯಲ್ಲಿ ಹೇಳಬೇಕು ಎಂಬ ಈ ಪಟ್ಟು ನನಗೆ ಕಾರ್ನ್‌ಫೀಲ್ಡರ ಜೀವಮಾನದ ಅತಿ ದೊಡ್ಡ ಕೊಡುಗೆ ಅನ್ನಿಸುತ್ತದೆ. ಆಮೇಲೆ ಅವರು ಫ್ರೇಮಿಂಗ್‌ಹ್ಯಾಮ್ ಎಂಬ ಅಮೆರಿಕದ ಊರಿನ ಹೃದಯ ಅಧ್ಯಯನಕ್ಕೆ ಕೈಹಾಕಿ, ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು ಎಲ್ಲವನ್ನೂ ಒಂದೇ ಸೂತ್ರದಲ್ಲಿ ಕೂಡಿಸುವ ದಾರಿ ತೋರಿಸಿದರು. ಮುಂದಿನ ಹತ್ತು ವರ್ಷದಲ್ಲಿ ನಿಮ್ಮ ಹೃದಯಕ್ಕೆ ಎಷ್ಟು ಅಪಾಯ ಎಂದು ಇವತ್ತು ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿ ಹೇಳುವುದರ ಮೂಲ ಅಲ್ಲಿದೆ. ಅವರು ತೀರಿಕೊಂಡದ್ದು 1979ರಲ್ಲಿ.

ಅವರ ವಿಧಾನ ನಮ್ಮಲ್ಲಿಗೂ ಬಂದಿದೆ. 11 ಲಕ್ಷ ಮನೆಗಳನ್ನು ಒಳಗೊಂಡ ಭಾರತದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಸತ್ತವರು ಸುಮಾರು 74,000, ಬದುಕಿರುವವರು ಸುಮಾರು 78,000 ಮಂದಿಯ ಬೀಡಿ, ಸಿಗರೇಟಿನ ಅಭ್ಯಾಸವನ್ನು ಹೋಲಿಸಿ, 2010ರ ಹೊತ್ತಿಗೆ ಧೂಮಪಾನದಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಾವು ಎಂದು ಅದು ಅಂದಾಜಿಸಿತು. ನಮ್ಮ ಸೇದುವವರನ್ನು ಕೊಲ್ಲುವುದರಲ್ಲಿ ಕ್ಯಾನ್ಸರಿಗಿಂತ ಕ್ಷಯದ ಪಾಲು ದೊಡ್ಡದು ಎಂದು ಗೊತ್ತಾದದ್ದೂ ಇಂಥ ಎಣಿಕೆಯಿಂದಲೇ.

ಈಗ ನಮ್ಮ ಅಡಿಕೆಗೆ ಬರುತ್ತೇನೆ. ನಾನು ಸಾಗರ ತಾಲ್ಲೂಕಿನವಳು. ನನ್ನ ಓದಿನ ಫೀಸು ತೋಟದಿಂದ ಬಂದದ್ದು. ಕೊನೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುತ್ತಾ ಕೂತ ಹೆಂಗಸರ ನಡುವೆ ಬೆಳೆದೆ. ‘ಅಡಿಕೆಯಿಂದ ಕ್ಯಾನ್ಸರ್’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಮನೆಗಳಲ್ಲಿ ಎಂಥ ಕಳವಳ ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಕೊಳೆ, ಮೇಲಿಂದ ಇದು.

ಆ ಕಳವಳಕ್ಕೆ ಉತ್ತರವಾಗಿ ನಮ್ಮ ಸಭೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ನಮ್ಮ ಅಜ್ಜಿ ತೊಂಬತ್ತು ವರ್ಷದವರೆಗೂ ಕವಳ, ಅಂದರೆ ಎಲೆಯಡಿಕೆ, ಹಾಕಿ ಗಟ್ಟಿಯಾಗಿಯೇ ಇದ್ದಳು. ಆ ಅಜ್ಜಿಯನ್ನು ನಾನೂ ನೋಡಿದ್ದೇನೆ. ಆದರೆ ಲಂಡನ್ನಿನ ಆ ಪಟ್ಟಿಯಲ್ಲಿ ಸೇದಿಯೂ ಶ್ವಾಸಕೋಶದ ಕ್ಯಾನ್ಸರ್ ಆಗದ 622 ಗಂಡಸರಿದ್ದರು. ಅವರೆಲ್ಲರ ಜೊತೆಗೂ ಹದಿನಾಲ್ಕು ಪಟ್ಟು ನಿಂತೇ ಇತ್ತು.

ಎರಡನೆಯ ಮಾತು ಗಟ್ಟಿಯಾದದ್ದು. ತಪ್ಪು ಅಡಿಕೆಯದಲ್ಲ, ಜೊತೆಗೆ ಹಾಕುವ ಹೊಗೆಸೊಪ್ಪಿನದು ಎನ್ನುತ್ತಾರೆ. ಇದು ಹಾರ್ಮೋನ್ ಎಕ್ಸ್‌ನ ವಾದವೇ, ಇಲ್ಲಿ ಎಕ್ಸ್‌ಗೆ ಹೊಗೆಸೊಪ್ಪು ಎಂಬ ಹೆಸರಿದೆ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕೂಡ ಒಂದು ಕಾಲದಲ್ಲಿ ಇದನ್ನು ಗೌರವಿಸಿತ್ತು. 1985ರಲ್ಲಿ ತಂಬಾಕು ಬೆರೆಸಿದ ಕವಳ ಕ್ಯಾನ್ಸರ್‌ಕಾರಕ ಎಂದ ಅದು, ತಂಬಾಕಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದಿತ್ತು. ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ ವರದಿ ಹೊರಬಂದದ್ದು 2004ರಲ್ಲಿ. ನಡುವೆ ಬಂದದ್ದು ಮುಖ್ಯವಾಗಿ ತೈವಾನಿನ ಅಧ್ಯಯನಗಳು. ಅಲ್ಲಿ ಕವಳಕ್ಕೆ ತಂಬಾಕು ಹಾಕುವ ಪದ್ಧತಿಯೇ ಇಲ್ಲ. ಸಿಗರೇಟಿನ ಪ್ರಭಾವವನ್ನು ಬೇರ್ಪಡಿಸಿ ನೋಡಿದರೂ ಬಾಯಿ ಕ್ಯಾನ್ಸರಿನ ಅಪಾಯ ಉಳಿಯಿತು.

ಅದಕ್ಕೆ ನಮ್ಮವರ ಮರುಮಾತು: ತೈವಾನಿನವರು ತಿನ್ನುವುದು ಹಸಿರು ಎಳೆಯ ಅಡಿಕೆ, ನಮ್ಮದು ಬೇಯಿಸಿ ಒಣಗಿಸಿದ ಕೆಂಪಡಿಕೆ. ಸರಿ, ವ್ಯತ್ಯಾಸ ನಿಜ. ಹಾಗಿದ್ದರೆ ಆ ವ್ಯತ್ಯಾಸ ಅಪಾಯವನ್ನು ಎಷ್ಟು ಇಳಿಸುತ್ತದೆ? ಈ ಒಂದು ಅಂಕಿಯನ್ನು ಕೇಳುವ ಹಕ್ಕು ಅಡಿಕೆ ಬೆಳೆದ ಮನೆಯವಳಾದ ನನಗಿದೆ.

ಕೇಳಲು ಇನ್ನೊಂದು ಕಾರಣವೂ ಇದೆ. ನನ್ನ ಅಣ್ಣನ ಮಗನಿಗೆ ಈಗ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಎರಡು ಬೆರಳು ಕಷ್ಟಪಟ್ಟು ಹೋಗುತ್ತವೆ. ಅನ್ನವನ್ನು ಚೆನ್ನಾಗಿ ಕಲಸಿ, ಖಾರವಿಲ್ಲದೆ ತಿನ್ನುತ್ತಾನೆ. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಈ ಕಾಯಿಲೆಗೆ ಅಡಿಕೆಯೇ ಮುಖ್ಯ ಕಾರಣ ಎಂಬುದರಲ್ಲಿ ದಂತವೈದ್ಯರಿಗೆ ಅನುಮಾನವಿಲ್ಲ, ಮತ್ತು ಅದು ಕ್ಯಾನ್ಸರಿಗೆ ತಿರುಗಬಹುದು. ಅವನು ಹೊಗೆಸೊಪ್ಪು ಮುಟ್ಟಿದವನಲ್ಲ. ಹಾಸ್ಟೆಲಿನ ದಿನಗಳಿಂದ ತಿಂದದ್ದು ‘ತಂಬಾಕಿಲ್ಲ’ ಎಂದು ಬರೆದಿರುವ ಪಾನ್ ಮಸಾಲೆಯ ಪೊಟ್ಟಣ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು; ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಅದೇ ಗೂಡಂಗಡಿಯಲ್ಲಿ ಪಕ್ಕಪಕ್ಕ ತೂಗಾಡತೊಡಗಿದವು. ಊಟವಾದ ಮೇಲೆ ಒಂದು ಕವಳ ಹಾಕಿದ ಅಜ್ಜಿಯನ್ನೂ ದಿನಕ್ಕೆ ಪೊಟ್ಟಣದ ಮೇಲೆ ಪೊಟ್ಟಣ ಬಾಯಿಗೆ ಸುರಿದುಕೊಳ್ಳುವ ಈ ಹುಡುಗರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವಾದ, ಅದು ಯಾವ ಕಡೆಯಿಂದ ಬಂದರೂ, ನನಗೆ ಒಪ್ಪಿಗೆಯಿಲ್ಲ.

ತೋಟ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಬೆಳೆಗಾರರ ಸಂಘಗಳಲ್ಲಿ ಹಣವಿದೆ, ಸರ್ಕಾರಕ್ಕೆ ಈ ಬೆಳೆಯ ತೆರಿಗೆ ಸೇರುತ್ತದೆ. ಅಡಿಕೆ ನಿರಪರಾಧಿ ಎಂದು ಸಾಬೀತು ಮಾಡಿಕೊಡಿ ಎಂದು ಸಂಶೋಧಕರಿಗೆ ಹಣ ಕೊಡುವುದು ಬೇಡ. ಉತ್ತರ ಏನೇ ಬಂದರೂ ಪ್ರಕಟಿಸುತ್ತೇವೆ ಎಂದು ಮೊದಲೇ ಬರೆದುಕೊಟ್ಟು ಹಣ ಕೊಡಿ. ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ, ದಾವಣಗೆರೆಯ ಆಸ್ಪತ್ರೆಗಳಿಗೆ ಬಾಯಿ ಕ್ಯಾನ್ಸರ್ ಎಂದು ಬರುವ ಪ್ರತಿಯೊಬ್ಬರ ಜೊತೆಗೆ, ಅದೇ ವಯಸ್ಸಿನ, ಅದೇ ಸೀಮೆಯ, ಬೇರೆ ಕಾಯಿಲೆಯ ಇಬ್ಬರನ್ನು ಕೂರಿಸಿ ಕೇಳಿ: ಏನು ತಿಂದಿರಿ, ಹಸಿಯದೋ ಬೇಯಿಸಿದ್ದೋ, ಸುಣ್ಣ ಇತ್ತೇ, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ, ರಾತ್ರಿ ಬಾಯಲ್ಲಿಟ್ಟು ಮಲಗುತ್ತಿದ್ದಿರಾ? ಬೀಡಿ, ಸಾರಾಯಿಗೆ ಬೇರೆ ಕಾಲಂ ಇರಲಿ. ಹೊಗೆಸೊಪ್ಪನ್ನೇ ಮುಟ್ಟದೆ ಕವಳ ಹಾಕುವವರು ನಮ್ಮ ಮಲೆನಾಡಿನಲ್ಲಿ ಮನೆಮನೆಗೂ ಸಿಗುತ್ತಾರೆ. ಅವರನ್ನು ಬೇರೆ ಗುಂಪಾಗಿಯೇ ಎಣಿಸಿ. ಈ ಪಟ್ಟಿ ಸಿದ್ಧಪಡಿಸಲು ನಿವೃತ್ತ ಮೇಷ್ಟ್ರುಗಳು ಬೇಕಾದರೆ ನಾನು ಬರುತ್ತೇನೆ, ನನ್ನ ಹಳೆಯ ವಿದ್ಯಾರ್ಥಿಗಳನ್ನೂ ಕರೆತರುತ್ತೇನೆ.