ಅರವತ್ತರ ಅರಳು ಮರಳು ಯಾರಿಗೆ?

‘ಅರವತ್ತಕ್ಕೆ ಅರಳು ಮರಳು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದಾಗ ಗಂಡು ಹೆಣ್ಣೆಂಬ ಭೇದವನ್ನು ಮಾಡಿರಲಿಲ್ಲ. ಮುಪ್ಪು ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ಆದರೆ ರಾಜಕೀಯವೆಂಬ ಸೀಮೆಯಲ್ಲಿ ಈ ಗಾದೆಗೆ ತಿದ್ದುಪಡಿಯಾಗಿದೆ. ಅಲ್ಲಿ ಗಂಡಸಿಗೆ ಅರವತ್ತಾದರೆ ಅನುಭವ, ಎಪ್ಪತ್ತಾದರೆ ಮುತ್ಸದ್ದಿತನ, ಎಂಬತ್ತಾದರೆ ಭೀಷ್ಮಪದವಿ. ಹೆಂಗಸಿಗೆ ನಲವತ್ತಾದರೆ ‘ಇನ್ನೂ ಅನುಭವ ಸಾಲದು’, ಐವತ್ತಾದರೆ ‘ಮೊದಲಿನ ಕಳೆಯಿಲ್ಲ’, ಅರವತ್ತಾದರೆ ‘ಈ ವಯಸ್ಸಿನಲ್ಲೂ ಆಸೆ ಬಿಡಲಿಲ್ಲವೆ?’ ಗಂಡಸಿನ ವಯಸ್ಸು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಬಡ್ಡಿ ತರುತ್ತದೆ. ಹೆಂಗಸಿನ ವಯಸ್ಸು ಸಾಲದಂತೆ ಬೆಳೆಯುತ್ತದೆ.

ವಾಚಕರು ನನ್ನನ್ನು ತಪ್ಪು ತಿಳಿಯಬಾರದು. ಮುದುಕರೆಲ್ಲ ಮನೆಗೆ ಹೋಗಲಿ ಎಂದಾಗಲಿ, ಹೆಂಗಸರೆಲ್ಲ ಗದ್ದುಗೆ ಏರಲಿ ಎಂದಾಗಲಿ ನಾನು ವಾದಿಸುತ್ತಿಲ್ಲ. ಪಕ್ಷದ ಮುಖಂಡರನ್ನು ಅಳೆಯುವ ಸೇರು ಒಂದೇ ಆಗಿರಬೇಕೆಂಬುದಷ್ಟೇ ನನ್ನ ವಾದ. ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಸೇರು ಇಟ್ಟುಕೊಂಡ ವರ್ತಕನನ್ನು ನಾವು ಮೋಸಗಾರನೆನ್ನುತ್ತೇವೆ. ಅದೇ ಕೆಲಸವನ್ನು ಪಕ್ಷಗಳೂ ಪತ್ರಿಕೆಗಳೂ ನಾವೂ ಸೇರಿ ಮಾಡಿದರೆ ಅದಕ್ಕೆ ‘ಲೋಕಾಭಿಪ್ರಾಯ’ ಎಂಬ ಮರ್ಯಾದೆಯ ಹೆಸರು ಬರುತ್ತದೆ.

1966ರ ಜನವರಿಯ ಮಾತನ್ನು ತೆಗೆದುಕೊಳ್ಳಿ. ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡ ಮೇಲೆ ಕಾಂಗ್ರೆಸ್ ಸಂಸದೀಯ ಪಕ್ಷದ ನಾಯಕತ್ವಕ್ಕೆ ಚುನಾವಣೆ ನಡೆಯಿತು. ಇಂದಿರಾ ಗಾಂಧಿಯವರಿಗೆ 355 ಮತ, ಮೊರಾರ್ಜಿ ದೇಸಾಯಿಯವರಿಗೆ 169. ಆಗ ಆಕೆಗೆ 48 ವರ್ಷ, ಅವರಿಗೆ 69. ಆಕೆ 1959ರಲ್ಲಿಯೇ ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದವರು, 1964ರಿಂದ ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. ಆದರೂ ಪಕ್ಷದ ಹಿರಿತಲೆಗಳು ಆಕೆಯನ್ನು ಬೆಂಬಲಿಸಿದ್ದು ಹೇಳಿದಂತೆ ಕೇಳಿಕೊಂಡಿರುತ್ತಾಳೆಂಬ ಎಣಿಕೆಯಿಂದ. ವಿರೋಧಪಕ್ಷದ ರಾಮಮನೋಹರ ಲೋಹಿಯಾರವರು ಆಕೆಯನ್ನು ‘ಗೂಂಗಿ ಗುಡಿಯಾ’ ಎಂದರು; ಎಂದರೆ ಮೂಕಗೊಂಬೆ. ಲೋಹಿಯಾರಂಥ ಸಮಾನತಾವಾದಿಗೂ ಬೇರೆ ಮಾತು ಸಿಕ್ಕಲಿಲ್ಲ! ಸಭೆಯಲ್ಲಿ ಮಾತು ತಡವರಿಸಿದ ಗಂಡಸು ನಮ್ಮಲ್ಲಿ ಎಷ್ಟು ಜನರಿಲ್ಲ? ಅವರನ್ನು ‘ಮಿತಭಾಷಿ’ ಎನ್ನುವುದು ವಾಡಿಕೆ.

ಮೂರು ವರ್ಷದ ನಂತರ ಗೊಂಬೆ ತಿರುಗಿಬಿದ್ದು ಪಕ್ಷವನ್ನೇ ಎರಡು ಹೋಳು ಮಾಡಿತು. ಆಗ ಆಕೆ ‘ಮಂತ್ರಿಮಂಡಲದ ಏಕೈಕ ಗಂಡಸು’ ಎಂಬ ಚಟಾಕಿ ಊರೂರಿಗೆ ಹರಡಿತು. 1971ರ ಯುದ್ಧವನ್ನು ಗೆದ್ದಾಗ ಆಕೆ ದುರ್ಗೆಯಾದರು. ಗೊಂಬೆಯಾದರು, ಗಂಡಸಾದರು, ದೇವಿಯಾದರು; ನಡುವೆ ಸಾಮಾನ್ಯ ರಾಜಕಾರಣಿಯಾಗಿರಲು ಮಾತ್ರ ಅವರಿಗೆ ಜನ ಅವಕಾಶ ಕೊಡಲಿಲ್ಲ.

ಈಗ ಅದೇ ಮನೆಯ ಇನ್ನೊಬ್ಬರನ್ನು ನೋಡಿ. 1984ರಲ್ಲಿ ರಾಜೀವ ಗಾಂಧಿಯವರು ಪ್ರಧಾನಿಯಾದಾಗ ಅವರ ವಯಸ್ಸು 40. ಲೋಕಸಭೆಗೆ ಬಂದು ಮೂರೇ ವರ್ಷ. ಒಂದು ದಿನವೂ ಮಂತ್ರಿಯಾಗಿದ್ದವರಲ್ಲ. ತಾಯಿಯ ಪಾಲಿಗೆ ಕೊರತೆಯಾಗಿದ್ದದ್ದು ಮಗನ ಪಾಲಿಗೆ ಆಭರಣವಾಯಿತು. ‘ಹೊಸ ರಕ್ತ’ ಎಂದರು, ‘ಮಿಸ್ಟರ್ ಕ್ಲೀನ್’ ಎಂದರು. ವಂಶಪಾರಂಪರ್ಯದ ಆಕ್ಷೇಪಣೆ ಇಬ್ಬರಿಗೂ ಸಮನಾಗಿ ಸಲ್ಲುವುದರಿಂದ ಆ ಮಾತನ್ನು ಇಲ್ಲಿ ಬದಿಗಿಡಬಹುದು. ಇನ್ನು ಮೊರಾರ್ಜಿಯವರು 1977ರಲ್ಲಿ ತಮ್ಮ 81ನೆಯ ವಯಸ್ಸಿನಲ್ಲಿ ಪ್ರಧಾನಿಯಾದರು. ದೇಶ ಅವರ ಶಿಸ್ತನ್ನು ಕೊಂಡಾಡಿತು. ಕೊಂಡಾಡಲಿ, ಅದು ಕೊಂಡಾಡತಕ್ಕದ್ದೇ. ಆದರೆ 81 ವರ್ಷದ ಹೆಂಗಸೊಬ್ಬಳು ಆ ಕುರ್ಚಿಗೆ ಹಕ್ಕು ಹೇಳಿದ್ದರೆ ಮೊಮ್ಮಕ್ಕಳನ್ನು ಆಡಿಸಿಕೊಂಡಿರಬಾರದೆ ಎನ್ನದ ಮನೆ ಈ ದೇಶದಲ್ಲಿ ಎಷ್ಟಿರುತ್ತಿತ್ತು?

‘ಹಾಗಾದರೆ ತುರ್ತುಪರಿಸ್ಥಿತಿಯನ್ನು ಹೇರಿದವರನ್ನು ಬಯ್ಯಬಾರದೆ?’ ಎಂದು ಯಾರಾದರೂ ಕೇಳಿಯಾರು. ಧಾರಾಳವಾಗಿ ಬಯ್ಯಿರಿ. 1975ರಲ್ಲಿ ಜನರ ಹಕ್ಕುಗಳನ್ನು ಕಿತ್ತುಕೊಂಡದ್ದಕ್ಕೆ, ವಿರೋಧಿಗಳನ್ನು ಸೆರೆಗೆ ತಳ್ಳಿದ್ದಕ್ಕೆ, ಪತ್ರಿಕೆಗಳ ಬಾಯಿ ಕಟ್ಟಿದ್ದಕ್ಕೆ ಎಷ್ಟು ಬಯ್ದರೂ ಸಾಲದು. ಮಾಡಿದ ಕೆಲಸಕ್ಕಾಗಿ ಬಯ್ಯುವುದು ನಾಯಕರಿಗೆ ಸಲ್ಲಿಸುವ ಒಂದು ಬಗೆಯ ಮರ್ಯಾದೆಯೇ. ಆದರೆ ‘ಹೆಂಗಸಿನ ಕೈಗೆ ಅಧಿಕಾರ ಕೊಟ್ಟರೆ ಹೀಗೇ’ ಎನ್ನುವುದು ಬೇರೆ ಲೆಕ್ಕ. ಗಂಡಸು ತಪ್ಪು ಮಾಡಿದರೆ ಅವನೊಬ್ಬನ ಖಾತೆಗೆ ಖರ್ಚು. ಹೆಂಗಸು ತಪ್ಪು ಮಾಡಿದರೆ ಹೆಣ್ಣುಕುಲದ ಖಾತೆಗೇ ಖರ್ಚು. ಇದು ಯಾವ ಊರಿನ ಜಮಾಖರ್ಚು?

ಇವೆಲ್ಲ ಹಳೆಯ ಕಥೆಗಳಾದವು, ಕಾಲ ಬದಲಾಗಿದೆ ಎನ್ನುವವರಿಗಾಗಿ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. 2014ರಲ್ಲಿ ಭಾರತೀಯ ಜನತಾ ಪಕ್ಷ ಕೇಂದ್ರದಲ್ಲಿ ಅಧಿಕಾರಕ್ಕೆ ಬಂದ ಮೇಲೆ, ಎಪ್ಪತ್ತೈದು ದಾಟಿದವರಿಗೆ ಅಧಿಕಾರಸ್ಥಾನವಿಲ್ಲ ಎಂಬ ರೂಢಿಯ ಮಾತು ಕೇಳಿಬಂತು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಅಡ್ವಾಣಿಯವರೂ ಮುರಳಿ ಮನೋಹರ ಜೋಷಿಯವರೂ ಮಾರ್ಗದರ್ಶಕ ಮಂಡಲಿಗೆ ಹೋದರು. ರೂಢಿಯ ಏಟು ಗಂಡಸರಿಗೂ ಬಿತ್ತೆಂಬುದನ್ನು ಒಪ್ಪೋಣ. ಆದರೆ ಮುಂದೆ ನೋಡಿ. 2016ರ ಜುಲೈಯಲ್ಲಿ ಕೇಂದ್ರ ಮಂತ್ರಿಮಂಡಲದಿಂದ 76 ವರ್ಷದ ನಜ್ಮಾ ಹೆಪ್ತುಲ್ಲಾ ಹೊರಬಂದರು. ಅದೇ ತಿಂಗಳು 75 ತುಂಬಿದ ಕಲರಾಜ್ ಮಿಶ್ರಾ ಅವರು 2017ರ ಸೆಪ್ಟೆಂಬರಿನವರೆಗೂ ಮಂತ್ರಿಯಾಗಿ ಮುಂದುವರಿದರು. 2016ರ ಆಗಸ್ಟಿನಲ್ಲಿ ಗುಜರಾತಿನ ಮೊದಲ ಮಹಿಳಾ ಮುಖ್ಯಮಂತ್ರಿ ಆನಂದಿಬೆನ್ ಪಟೇಲರು, ನವೆಂಬರಿನಲ್ಲಿ ತಮಗೆ 75 ತುಂಬುತ್ತದೆ, ಬಿಡುಗಡೆ ಮಾಡಿ ಎಂದು ಕೇಳಿಕೊಂಡು ಪದವಿ ಬಿಟ್ಟರು. ಅಂದರೆ ಗಡುವಿಗೆ ಇನ್ನೂ ಮೂರು ತಿಂಗಳಿತ್ತು. ಮೂರು ವರ್ಷ ಕಳೆದು, 2019ರ ಜುಲೈಯಲ್ಲಿ, ಅದೇ ಪಕ್ಷ ನಮ್ಮ ರಾಜ್ಯದಲ್ಲಿ ಸರಕಾರ ರಚಿಸಿತು. ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರಿಗೆ ಆಗ 76 ವರ್ಷ.

ಗುಜರಾತಿನಲ್ಲಿ ಪಾಟೀದಾರರ ಚಳವಳಿಯಿತ್ತು, ಊನಾದಲ್ಲಿ ದಲಿತರ ಮೇಲೆ ನಡೆದ ಹಲ್ಲೆಯಿಂದ ಸರಕಾರಕ್ಕೆ ಕೆಟ್ಟ ಹೆಸರು ಬಂದಿತ್ತು. ವಯಸ್ಸೊಂದೇ ಕಾರಣವಲ್ಲ ಎಂದು ಹೇಳಬಹುದು. ನಿಜ. ಆದರೆ ನಾನು ಹೇಳುವುದೂ ಅದನ್ನೇ. ಹೆಂಗಸನ್ನು ಇಳಿಸಲು ನೂರು ಕಾರಣವಿದ್ದರೂ ಮುಂದಿಡುವುದಕ್ಕೆ ಹುಟ್ಟಿದ ತಾರೀಖು ಅನುಕೂಲವಾಗಿ ಒದಗುತ್ತದೆ. ಗಂಡಸಿನ ಹಿಂದೆ ಜನಬಲವಿದ್ದರೆ ಆ ತಾರೀಖು ತಾನೇ ಮರೆತುಹೋಗುತ್ತದೆ. ಯಡಿಯೂರಪ್ಪನವರು ಊರೂರು ಸುತ್ತಿ ಪಕ್ಷ ಕಟ್ಟಿದವರು, ಅವರಿಗೆ ಪದವಿ ಸಂದದ್ದರಲ್ಲಿ ನನಗೆ ತಕರಾರಿಲ್ಲ. ಜನಬಲದ ಮುಂದೆ ಕರಗುವ ನಿಯಮವನ್ನು ನಿಯಮವೆಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರು.

ಒಂದೇ ಪಕ್ಷದ ಮೇಲೆ ಹರಿಹಾಯುತ್ತಿದ್ದೇನೆಂದು ಎದುರುಪಕ್ಷದವರು ಹಿಗ್ಗಬೇಕಾಗಿಲ್ಲ. 2022ರಲ್ಲಿ ನಮ್ಮ ಮಲ್ಲಿಕಾರ್ಜುನ ಖರ್ಗೆಯವರು ಕಾಂಗ್ರೆಸ್ ಅಧ್ಯಕ್ಷರಾದಾಗ ಅವರಿಗೆ 80 ವರ್ಷ. 1972ರಲ್ಲಿ ಗುರುಮಠಕಲ್ಲಿನಿಂದ ವಿಧಾನಸಭೆಗೆ ಬಂದಂದಿನಿಂದ ಅವರು ಪಟ್ಟ ಶ್ರಮವನ್ನು ಎಣಿಸಿ ಜನ ಆ ವಯಸ್ಸನ್ನು ಅನುಭವವೆಂದು ಓದಿದರು. ಹಾಗೆ ಓದಿದ್ದು ಸರಿಯೇ. ಅದೇ ಓದನ್ನು ಐವತ್ತು ವರ್ಷ ದುಡಿದ ಹೆಂಗಸಿಗೂ ಕಲಿಯಿರಿ ಎಂಬುದಷ್ಟೇ ನನ್ನ ಕೋರಿಕೆ. ಇದೇ ಕಾಂಗ್ರೆಸ್ಸು 1917ರಲ್ಲಿ ಸರಕಾರದ ಬಂಧನದಿಂದ ಹೊರಬಂದ ಆನಿ ಬೆಸೆಂಟರನ್ನು ಕಲ್ಕತ್ತೆಯ ಅಧಿವೇಶನದ ಅಧ್ಯಕ್ಷರನ್ನಾಗಿ ಮಾಡಿತ್ತು. ಆಗ ಆಕೆಗೆ 70 ವರ್ಷ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದಾಗ ಮೂವತ್ತೂ ತುಂಬಿರಲಿಲ್ಲ. ಸೆರೆಮನೆಯ ಬಾಗಿಲಲ್ಲಿ ಯಾರೂ ವಯಸ್ಸು ಕೇಳಲಿಲ್ಲ, ಗಂಡೋ ಹೆಣ್ಣೋ ಎನ್ನಲಿಲ್ಲ. ಸರಕಾರಿ ಬಂಗಲೆಯ ಬಾಗಿಲಿಗೆ ಬಂದಾಗ ಮಾತ್ರ ಜಾತಕ ಬಿಚ್ಚುತ್ತಾರೆ.

ವಯಸ್ಸಿನ ಬೆನ್ನಿಗೇ ಬರುವ ಪ್ರಶ್ನೆ ಮದುವೆ ಮಕ್ಕಳದ್ದು. ಮುದಿ ನಾಯಕನನ್ನು ಭೀಷ್ಮನಿಗೆ ಹೋಲಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಭೀಷ್ಮನ ಹಿರಿಮೆಯೇ ಅವನ ಬ್ರಹ್ಮಚರ್ಯ. ವಾಜಪೇಯಿಯವರು ಮದುವೆಯಾಗದಿದ್ದದ್ದು ದೇಶಸೇವೆಯ ವ್ರತವೆನಿಸಿತು. ಮಾಯಾವತಿ, ಜಯಲಲಿತಾ, ಮಮತಾ ಬ್ಯಾನರ್ಜಿಯವರು ಮದುವೆಯಾಗದಿದ್ದದ್ದು ಪಿಸುಮಾತಿಗೆ ವಸ್ತುವಾಯಿತು. ಬೆಹನ್‌ಜಿ, ಅಮ್ಮ, ದೀದಿ ಎಂಬ ನಂಟಿನ ಹೆಸರುಗಳ ಆಸರೆಯಲ್ಲಿ ಅವರು ಆ ಪಿಸುಮಾತನ್ನು ದಾಟಬೇಕಾಯಿತು.

ಇದು ನಮ್ಮ ದೇಶದ ಜಾಡ್ಯ ಮಾತ್ರವೆಂದು ನಾಚಬೇಕಾಗಿಲ್ಲ. ಸಮುದ್ರದಾಚೆಯೂ ಇದೇ ರೋಗ. ಆಸ್ಟ್ರೇಲಿಯಾದಲ್ಲಿ ಜೂಲಿಯಾ ಗಿಲಾರ್ಡರಿಗೆ ಮಕ್ಕಳಿಲ್ಲವೆಂದು, 2007ರಲ್ಲಿ ಅಲ್ಲಿನ ಸೆನೆಟರೊಬ್ಬರು, ಬೇಕೆಂದೇ ಬಂಜೆಯಾದವಳಿಗೆ ನಾಯಕತ್ವ ಸಲ್ಲದು ಎಂಬರ್ಥದ ಮಾತಾಡಿದರು. ಪಕ್ಕದ ನ್ಯೂಜಿಲೆಂಡಿನಲ್ಲಿ, 2017ರಲ್ಲಿ, 37 ವರ್ಷದ ಜಸಿಂಡಾ ಆರ್ಡರ್ನ್ ಲೇಬರ್ ಪಕ್ಷದ ನಾಯಕಿಯಾದ ದಿನವೇ ಟೆಲಿವಿಷನ್ನಿನವರು, ಮಕ್ಕಳನ್ನು ಹೆರುವ ಯೋಚನೆಯಿದೆಯೆ ಎಂದು ಕೇಳಿದರು. ಹೆರದವಳು ಅನರ್ಹಳು, ಹೆರಬಹುದಾದವಳು ಅನುಮಾನಾಸ್ಪದಳು! 2022ರಲ್ಲಿ ಫಿನ್‌ಲೆಂಡಿನ ಪ್ರಧಾನಿ ಸನ್ನಾ ಮರಿನ್ ನ್ಯೂಜಿಲೆಂಡಿಗೆ ಹೋದಾಗ, ನೀವಿಬ್ಬರೂ ಸಮವಯಸ್ಕರೆಂದು ಭೇಟಿಯಾಗುತ್ತಿದ್ದೀರಾ ಎಂದು ವರದಿಗಾರನೊಬ್ಬ ಕೇಳಿದ. ಒಬಾಮಾ ಮತ್ತು ಜಾನ್ ಕೀ ಸಂಧಿಸಿದಾಗ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಎಂದು ಆರ್ಡರ್ನ್ ಮರುಪ್ರಶ್ನೆ ಹಾಕಿದರು. ಇಂಗ್ಲೆಂಡಿನ ಚರ್ಚಿಲ್ಲರು 1951ರಲ್ಲಿ 76ರ ವಯಸ್ಸಿನಲ್ಲಿ ಮತ್ತೆ ಪ್ರಧಾನಿಯಾದರು. 1953ರಲ್ಲಿ ಪಾರ್ಶ್ವವಾಯು ಬಡಿದಾಗ ಆ ಸುದ್ದಿಯನ್ನೇ ಜನರಿಂದ ಮುಚ್ಚಿಟ್ಟರು. 2022ರಲ್ಲಿ ಮರಿನ್ ಗೆಳೆಯರ ಜೊತೆ ಕುಣಿದ ವಿಡಿಯೊ ಹೊರಬಿದ್ದಾಗ ಆಕೆ ಮಾದಕವಸ್ತು ಸೇವಿಸಿಲ್ಲವೆಂದು ಪರೀಕ್ಷೆ ಮಾಡಿಸಿಕೊಂಡು ತೋರಿಸಬೇಕಾಯಿತು. ಒಬ್ಬರ ಲಕ್ವಕ್ಕೆ ಸಿಕ್ಕಿದ ಮರ್ಯಾದೆ ಇನ್ನೊಬ್ಬರ ಕುಣಿತಕ್ಕೆ ಸಿಕ್ಕಲಿಲ್ಲ.

ಈ ಎರಡು ಸೇರಿನ ವ್ಯಾಪಾರದಿಂದ ಆಗುವ ನಷ್ಟ ಬರೀ ಮನಸ್ಸಿನ ನೋವಲ್ಲ. ಒಂದು ಪಕ್ಷದಲ್ಲಿ ಮೇಲೇರುವ ದಾರಿಯನ್ನು ಯೋಚಿಸಿ. ಹುಡುಗ ಇಪ್ಪತ್ತರಲ್ಲಿ ಕಾಲೇಜಿನ ಸಂಘಕ್ಕೆ ನಿಲ್ಲುತ್ತಾನೆ, ಮೂವತ್ತರಲ್ಲಿ ಜಿಲ್ಲಾ ಸಮಿತಿ, ನಲವತ್ತರಲ್ಲಿ ಟಿಕೆಟ್ಟು. ಐವತ್ತು ದಾಟಿದರೂ ಫ್ಲೆಕ್ಸಿನ ಮೇಲೆ ‘ಯುವನಾಯಕ’ನೆಂದೇ ನಗುತ್ತಿರುತ್ತಾನೆ. ಅವನ ಜೊತೆಯಲ್ಲೇ ಓದಿದ ಹುಡುಗಿ ಇಪ್ಪತ್ತರಲ್ಲಿ ಸಭೆಗೆ ಹೊರಟರೆ ‘ಮೊದಲು ಮದುವೆಯಾಗಲಿ’ ಎನ್ನುತ್ತಾರೆ. ಮೂವತ್ತರಲ್ಲಿ ‘ಮಕ್ಕಳು ಸಣ್ಣವು’. ನಲವತ್ತರಲ್ಲಿ ‘ಅತ್ತೆಗೆ ಕಾಯಿಲೆ’. ಐವತ್ತಕ್ಕೆ ಮನೆಯ ಋಣವೆಲ್ಲ ತೀರಿಸಿ, ಸೀರೆಯ ಸೆರಗು ಕಟ್ಟಿ ಪಕ್ಷದ ಕಚೇರಿಗೆ ಬಂದರೆ ಅಧ್ಯಕ್ಷರು ಹೇಳುವುದೇನು? ‘ತಾಯಿ, ಈಗ ಯುವಕರಿಗೆ ಅವಕಾಶ ಕೊಡಬೇಕಲ್ಲವೆ?’ ಆ ಯುವಕನ ವಯಸ್ಸೂ ಐವತ್ತೇ! ಹೆಣ್ಣಿಗೆ ರಾಜಕೀಯದಲ್ಲಿ ಸರಿಯಾದ ವಯಸ್ಸೆಂಬುದು ಪಂಚಾಂಗದಲ್ಲಿಯೇ ಇಲ್ಲ. ಒಂದು ದಿನ ತೀರಾ ಬೇಗ, ಮಾರನೆಯ ದಿನ ತೀರಾ ತಡ.

ಫಲ ಕಣ್ಣ ಮುಂದಿದೆ. 1956ರಲ್ಲಿ ಕನ್ನಡನಾಡು ಒಂದಾಯಿತು. ಅಂದಿನಿಂದ ಒಬ್ಬ ಹೆಂಗಸೂ ನಮ್ಮ ಮುಖ್ಯಮಂತ್ರಿಯಾಗಿಲ್ಲ. ಉತ್ತರಪ್ರದೇಶದಲ್ಲಿ ಸುಚೇತಾ ಕೃಪಲಾನಿಯವರು 1963ರಷ್ಟು ಹಿಂದೆಯೇ ಆಗಿದ್ದರು. ನಮ್ಮಲ್ಲಿ ಸಮರ್ಥರಿರಲಿಲ್ಲವೆ? ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕೂತು, ಕೂಗಾಡುವ ಗಂಡಸರ ಸಭೆಯನ್ನು ನಡೆಸಿ ತೋರಿಸಿದರು. 1978ರಲ್ಲಿ ಚಿಕ್ಕಮಗಳೂರಿನ ಮತದಾರರು ಅರವತ್ತು ದಾಟಿದ, ಸೋತು ಬಂದ ಇಂದಿರಾ ಗಾಂಧಿಯವರನ್ನು ಎಪ್ಪತ್ತು ಸಾವಿರಕ್ಕೂ ಮೀರಿದ ಮತಗಳ ಅಂತರದಿಂದ ಗೆಲ್ಲಿಸಿದರು. ಆದ್ದರಿಂದ ‘ಜನ ಒಪ್ಪುವುದಿಲ್ಲ’ ಎಂಬ ಪಕ್ಷಗಳ ನೆಪ ನಮ್ಮಲ್ಲಿ ನಡೆಯದು. ಆದರೂ 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಆರಿಸಿ ಬಂದ ಮಹಿಳೆಯರು 10 ಮಂದಿ. ಆ ವರ್ಷದ ಮೇ ತಿಂಗಳಲ್ಲಿ ರಚಿತವಾದ 34 ಜನರ ಮಂತ್ರಿಮಂಡಲದಲ್ಲಿ ಒಬ್ಬರೇ ಒಬ್ಬರು. ಅದೇ 2023ರಲ್ಲಿ ಸಂಸತ್ತು ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ಮೀಸಲಿಡುವ ತಿದ್ದುಪಡಿಯನ್ನು ಒಪ್ಪಿತು. ಒಪ್ಪುವಾಗಲೇ, ಜನಗಣತಿ ಆಗಲಿ, ಕ್ಷೇತ್ರ ವಿಂಗಡಣೆ ಆಗಲಿ, ಆಮೇಲೆ ನೋಡೋಣ ಎಂಬ ಷರತ್ತನ್ನೂ ಹಾಕಿತು. ಕಾನೂನಿಗೂ ‘ಇನ್ನೂ ವಯಸ್ಸಾಗಿಲ್ಲ’ ಎಂದಂತಾಯಿತು!

ಪರಿಹಾರಕ್ಕೆ ಆಯೋಗ ಬೇಕಾಗಿಲ್ಲ. ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದುವ ನಾವೆಲ್ಲ ಒಂದು ಸಣ್ಣ ಅಭ್ಯಾಸ ಮಾಡಿಕೊಂಡರೆ ಸಾಕು. ಒಬ್ಬ ನಾಯಕಿಯ ವಯಸ್ಸು, ಸೀರೆ, ಕೂದಲು, ಸಂಸಾರ, ದನಿ ಇವುಗಳ ಬಗೆಗೆ ಒಂದು ವಾಕ್ಯ ಕಂಡಾಗ ಅಲ್ಲಿ ಒಬ್ಬ ನಾಯಕನ ಹೆಸರಿಟ್ಟು ಓದಿನೋಡಿ. ಓದಿ ನಗು ಬಂದರೆ ಆ ವಾಕ್ಯ ಸುಳ್ಳು ಸೇರಿನದು. ಬರೆದವರಿಗೆ ಒಂದು ಕಾಗದ ಹಾಕಿ. ನಗು ಬಾರದಿದ್ದರೆ ಅದು ನ್ಯಾಯವಾದ ಟೀಕೆ. ಇಬ್ಬರಿಗೂ ಸಮನಾಗಿ ಬಡಿಸಿ. ಬುದ್ಧಿ ಮಂಕಾದ ನಾಯಕ ಗಂಡಾಗಲಿ ಹೆಣ್ಣಾಗಲಿ ಮನೆಗೆ ಹೋಗಲಿ. ಬುದ್ಧಿ ಚುರುಕಾಗಿರುವವರು ಮೂವತ್ತಾಗಲಿ ಎಂಬತ್ತಾಗಲಿ ಮುಂದೆ ಬರಲಿ.

ನಾಯಕರಿಗೆ ಅರಳು ಮರಳು ಹಿಡಿದರೆ ಐದು ವರ್ಷಕ್ಕೊಮ್ಮೆ ಅವರನ್ನು ಇಳಿಸಬಹುದು. ಮತದಾರರಿಗೇ ಹಿಡಿದರೆ ಇಳಿಸುವವರು ಯಾರು?