ಅತ್ತಿಮಬ್ಬೆ: ಪ್ರಶಸ್ತಿಗೆ ಸಂದ ಹೆಸರು, ತೊಟ್ಟಿಲಿಗೆ ಸಲ್ಲದ ಹೆಸರು

ಕವಿಚಕ್ರವರ್ತಿ ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ ಸಂಗತಿ ಸಾಹಿತ್ಯಚರಿತ್ರೆಗಳಲ್ಲಿ ಒಂದು ವಾಕ್ಯವಾಗಿ ಬಂದುಹೋಗುತ್ತದೆ. ಆಶ್ರಯವಿತ್ತ ಚಾವುಂಡರಾಯ ಮತ್ತು ಅತ್ತಿಮಬ್ಬೆಯರಿಗೆ ಕವಿ ಸಲ್ಲಿಸಿದ ಕೃತಜ್ಞತೆಯೆಂದು ವಿವರಿಸಿ ಮುಂದೆ ಸಾಗುವುದು ವಾಡಿಕೆ. ವಿವರಣೆ ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಬೇಕಿಲ್ಲ. ಸಮಕಾಲೀನ ಮಹಿಳೆಯೊಬ್ಬಳ ಹೆಸರನ್ನು ಕವಿ ತನ್ನ ಕೂಸಿಗಿಟ್ಟನೆಂದರೆ, ಆ ಹೆಸರು ಅಂದಿನ ಕಿವಿಗೆ ಭಾರವಾಗಿರಲಿಲ್ಲ.

ಭಾರವಾಗುವುದಾದರೂ ಹೇಗೆ? ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ನಾಗರಖಂಡ 70ನ್ನು ಆಳಿದವಳು ಜಕ್ಕಿಯಬ್ಬೆ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ. ತಾಯಿ ಎಂಬರ್ಥದ ‘ಅಬ್ಬೆ’ ಎಳೆಯ ಮಗುವಿನ ಹೆಸರಿನಲ್ಲೂ ಗೌರವವಾಗಿ ನಿಲ್ಲುತ್ತಿದ್ದ ಕಾಲವದು. ಹೊಯ್ಸಳರ ಹೊತ್ತಿಗೆ ಗಾಳಿ ಬದಲಾದುದು ಶ್ರವಣಬೆಳಗೊಳದ ಶಾಸನಗಳಲ್ಲಿ ಕಾಣುತ್ತದೆ. ತಾಯಿ ಮಾಚಿಕಬ್ಬೆ, ಮಗಳು ಶಾಂತಲೆ. ಅತ್ತೆ ಪೋಚಿಕಬ್ಬೆ, ಸೊಸೆ ಗಂಗರಾಜನ ಮಡದಿ ಲಕ್ಕಲೆ. ಎರಡು ಮನೆಗಳಲ್ಲಿ ಒಂದೇ ತಲೆಮಾರಿನ ಅಂತರದಲ್ಲಿ ‘ಅಬ್ಬೆ’ ಹಿಂದೆ ಸರಿದಿದೆ. ಎರಡೇ ನಿದರ್ಶನಗಳಿಂದ ನಿಯಮ ಕಟ್ಟಲಾಗದು, ನಿಜ. ಆದರೂ ರಾಜವಂಶಾವಳಿಗಳನ್ನು ಬಿಡಿಸುವುದರಲ್ಲಿ ತೋರುವ ಶ್ರದ್ಧೆಯ ಕಾಲುಭಾಗವನ್ನು ನಮ್ಮ ಸಂಶೋಧಕರು ಶಾಸನಗಳ ಹೆಣ್ಣುಹೆಸರುಗಳಿಗೆ ಕೊಟ್ಟಿದ್ದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ಹಳೆಯ ಹೆಸರುಗಳು ಮರಳಿ ಬರುವುದೇ ಇಲ್ಲವೆನ್ನಲಾಗದು. ಶಾಂತಲೆಯ ಹೆಸರು ಇಪ್ಪತ್ತನೆಯ ಶತಮಾನದಲ್ಲಿ ‘ಶಾಂತಲಾ’ ಆಗಿ ಕನ್ನಡದ ಮನೆಗಳಿಗೆ ಬಂತು. ಕೆ.ವಿ. ಅಯ್ಯರ್ ಅವರ ಕಾದಂಬರಿ, 1983ರ ಮೂರ್ತಿದೇವಿ ಪುರಸ್ಕಾರ ಪಡೆದ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲಾದೇವಿ’, ಬೇಲೂರಿನ ಶಿಲ್ಪಗಳೊಡನೆ ಬೆಸೆದ ನೃತ್ಯದ ಕಲ್ಪನೆ, ಎಲ್ಲವೂ ಅದಕ್ಕೆ ನೆರವಾದವು. ಅತ್ತಿಮಬ್ಬೆಯ ಕೀರ್ತಿಯೇನು ಕಡಿಮೆಯೇ? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದವಳು. ‘ದಾನಚಿಂತಾಮಣಿ’ ಬಿರುದಿನೊಡನೆ ಸರ್ಕಾರದ ಪ್ರಶಸ್ತಿಯೂ ಅವಳ ಹೆಸರಿನಲ್ಲಿದೆ. ಆದರೆ ಪ್ರಶಸ್ತಿಫಲಕದ ಮೇಲೆ ನಿಂತ ಹೆಸರು ತೊಟ್ಟಿಲಿಗೆ ಇಳಿಯುವುದಿಲ್ಲ. ಪೂಜ್ಯತೆಯೇ ಬಳಕೆಗೆ ಅಡ್ಡಿಯಾಗಿದೆ.

ಹೆಸರು ಉದ್ದವಾಯಿತೆಂಬ ಸಬೂಬು ನಿಲ್ಲದು. ಪದ್ಮಾವತಿಯಲ್ಲಿಯೂ ನಾಲ್ಕೇ ಅಕ್ಷರ. ಜೈನ ಮನೆಗಳಲ್ಲಿ ಪದ್ಮಾವತಿ, ಚಂದನಾ, ತ್ರಿಶಲಾ ಇಂದಿಗೂ ಅಪರಿಚಿತವಲ್ಲ. ಎಂದರೆ ಮಾಸಿರುವುದು ಜೈನಸ್ಮೃತಿಯಲ್ಲ, ಅದರ ಅಚ್ಚಗನ್ನಡ ಭಾಗ. ಪುರಾಣದ ಸಂಸ್ಕೃತ ಹೆಸರು ಕಾಲಾತೀತವೆನಿಸುತ್ತದೆ, ಶಾಸನದ ಕನ್ನಡ ಹೆಸರು ಹಳತೆನಿಸುತ್ತದೆ. ಈ ತಾರತಮ್ಯವನ್ನು ಹೊಸ ತಲೆಮಾರಿನ ತಂದೆತಾಯಿಯರ ಮೇಲೆ ಹೊರಿಸುವುದೂ ನ್ಯಾಯವಲ್ಲ; ಹೊಯ್ಸಳರ ಅರಮನೆಯೇ ಆ ದಾರಿ ಹಿಡಿದಿತ್ತು.

‘ಅಬ್ಬೆ’ ಪೂರ್ತಿ ಸತ್ತಿಲ್ಲ. ಹವ್ಯಕರ ಮನೆಮಾತಿನಲ್ಲಿ ತಾಯಿಯನ್ನು ಹಾಗೆಯೇ ಕರೆಯುತ್ತಾರೆ. ಉಲ್ಲಾಳದ ಜೈನರಾಣಿಯ ಹೆಸರು ಅಬ್ಬಕ್ಕ. ಉತ್ತರ ಕರ್ನಾಟಕದ ಗಂಗವ್ವ, ನೀಲವ್ವರಲ್ಲಿ ಅದರ ಒಡಹುಟ್ಟು ‘ಅವ್ವ’ ಉಳಿದಿದೆ, ಅದೂ ಅಜ್ಜಿಯರ ಹೆಸರುಗಳಲ್ಲಿ. ಲಕ್ಕುಂಡಿ ಸುತ್ತಲಿನ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಈ ‘ಅವ್ವ’ ಯಾವ ದಶಕದಿಂದ ತೆಳುವಾಗುತ್ತ ಬಂತೆಂದು ಎಣಿಸಿದರೆ ಎಂ.ಎ. ವಿದ್ಯಾರ್ಥಿಯೊಬ್ಬರಿಗೆ ಒಳ್ಳೆಯ ಕಿರುಪ್ರಬಂಧವಾದೀತು.