ಕೋಚ್ ಬದಲಾದರೆ ತಂಡ ಬದಲಾಗುತ್ತದೆಯೇ?

ಕಳೆದ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಪ್ರೊ ಕಬಡ್ಡಿ 12ನೇ ಸೀಸನ್ ಶುರುವಾಯಿತು. ಅದೇ ದಿನ ಬೆಂಗಳೂರು ಬುಲ್ಸ್ ತಂಡದ ಮೊದಲ ಪಂದ್ಯ ಪುಣೇರಿ ಪಲ್ಟನ್ ವಿರುದ್ಧ. ಪಂದ್ಯ ಸಮಬಲವಾಗಿ, ಟೈಬ್ರೇಕರ್‌ಗೆ ಹೋಗಿ, ಬುಲ್ಸ್ ಸೋತಿತು. ಆಮೇಲೆ ಮತ್ತೆರಡು ಸೋಲು. ನಮ್ಮ ಕಾಲೇಜಿನ ಕಬಡ್ಡಿ ತಂಡದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬ ಬರೆದ: ‘ಎಂಥ ಮಾರಾಯ, ಕೋಚ್ ಬದಲಾದ್ರೆ ರೈಡರ್‌ನ ಕಾಲು ಉದ್ದ ಆಗ್ತದಾ?’

ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನಮಗೂ ಅನ್ವಯಿಸುತ್ತಿತ್ತು. ಯಾಕೆಂದರೆ ಈ ವರ್ಷ ಬುಲ್ಸ್‌ಗೆ ಹೊಸ ಕೋಚ್ ಬಂದ ಹಾಗೆಯೇ ನಮ್ಮ ತಂಡಕ್ಕೂ ಹೊಸ ಕೋಚ್ ಬಂದಿದ್ದರು.

ಮೊದಲು ಬುಲ್ಸ್ ಕಥೆ ನೋಡೋಣ. 2014ರ ಮೊದಲ ಸೀಸನ್‌ನಿಂದ 11ನೇ ಸೀಸನ್‌ವರೆಗೂ ಆ ತಂಡಕ್ಕೆ ರಣಧೀರ್ ಸಿಂಗ್ ಸೆಹ್ರಾವತ್ ಅವರೇ ಕೋಚ್. 6ನೇ ಸೀಸನ್‌ನಲ್ಲಿ ತಂಡ ಚಾಂಪಿಯನ್ ಆದದ್ದೂ ಅವರ ಕೈಯಲ್ಲೇ. ಆದರೆ 2024ರ 11ನೇ ಸೀಸನ್ ದುಃಸ್ವಪ್ನವಾಯಿತು. ಪ್ರೊ ಕಬಡ್ಡಿ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ ಪರ್ದೀಪ್ ನರ್ವಾಲ್ ತಂಡದಲ್ಲಿದ್ದರೂ, ಆಡಿದ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. 12 ತಂಡಗಳಲ್ಲಿ ಕೊನೆಯ ಸ್ಥಾನ.

ಆ ಜಾಗಕ್ಕೆ ಬಂದವರು ನಮ್ಮ ಕನ್ನಡಿಗ ಬಿ.ಸಿ. ರಮೇಶ್. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಮತ್ತು 10ನೇ ಸೀಸನ್‌ನಲ್ಲಿ ಪುಣೇರಿ ಪಲ್ಟನ್, ಹೀಗೆ ಎರಡು ತಂಡಗಳಿಗೆ ಕಪ್ ಗೆಲ್ಲಿಸಿಕೊಟ್ಟವರು. ಮೂರು ಸೋಲಿನ ನಂತರ ಬುಲ್ಸ್ ಎದ್ದು ನಿಂತಿತು. ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ರೈಡಿಂಗ್‌ನ ಭಾರ ಹೊತ್ತರು. ಯೋಗೇಶ್, ದೀಪಕ್ ಶಂಕರ್ ಡಿಫೆನ್ಸ್ ಹಿಡಿದು ನಿಂತರು. ಲೀಗ್ ಮುಗಿದಾಗ 18 ಪಂದ್ಯಗಳಲ್ಲಿ 11 ಗೆಲುವು, ಮೂರನೇ ಸ್ಥಾನ. ಪ್ಲೇಆಫ್‌ನಲ್ಲಿ ಮೊದಲು ತೆಲುಗು ಟೈಟಾನ್ಸ್‌ಗೆ, ನಂತರ ಪಟ್ನಾ ಪೈರೇಟ್ಸ್‌ಗೆ ಸೋತು ಹೊರಬಿದ್ದರು. ಕಪ್ ದಬಾಂಗ್ ಡೆಲ್ಲಿ ಪಾಲಾಯಿತು. ಆದರೂ ಕೊನೆಯ ಸ್ಥಾನದಿಂದ ಮೂರನೇ ಸ್ಥಾನಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ.

ಹಾಗಾದರೆ ಕೋಚ್ ಒಬ್ಬರೇ ಇದನ್ನೆಲ್ಲ ಮಾಡಿದರೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. ಕೋಚ್ ಜೊತೆ ಆಟಗಾರರೂ ಬದಲಾಗಿದ್ದರು, ಹರಾಜಿನಲ್ಲಿ ಹೊಸ ತಂಡವನ್ನೇ ಕಟ್ಟಲಾಗಿತ್ತು. ಇನ್ನೊಂದು ಮಾತೂ ಇದೆ. ಇದೇ ರಮೇಶ್ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿದ ಮರುವರ್ಷವೇ ಆ ತಂಡ ಪ್ಲೇಆಫ್ ತಲುಪಲಿಲ್ಲ. ಕೋಚ್ ಅದೇ, ಬುದ್ಧಿ ಅದೇ, ಫಲಿತಾಂಶ ಬೇರೆ. ಅಂದರೆ ಕೋಚ್ ಮಂತ್ರವಾದಿ ಅಲ್ಲ. ಇರುವ ಆಟಗಾರರಿಂದ ಅವರ ಶಕ್ತಿಗೆ ತಕ್ಕ ಆಟವನ್ನು ಹೊರತೆಗೆಯುವುದಷ್ಟೇ ಅವರ ಕೆಲಸ. ಆ ‘ಅಷ್ಟೇ’ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ನಮ್ಮ ಕಾಲೇಜಿನ ಅಂಗಳದಲ್ಲಿ.

ಪುತ್ತೂರು, ಸುಳ್ಯ, ಕಡಬದವರಿಗೆ ಕಬಡ್ಡಿಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಮಳೆ ಬಿಟ್ಟ ಮೇಲೆ ಇಲ್ಲಿ ವಾರಕ್ಕೊಂದು ಹೊನಲು ಬೆಳಕಿನ ಪಂದ್ಯಾಟ ಇರುತ್ತದೆ. ಯುವಕ ಮಂಡಲದ ಬ್ಯಾನರ್, ಮೈಕ್‌ನಲ್ಲಿ ವೀಕ್ಷಕ ವಿವರಣೆ, ಬದಿಯಲ್ಲಿ ಚರುಂಬುರಿ, ಬೆಳಗಿನ ಜಾವ ಮೂರು ಗಂಟೆಗೆ ಫೈನಲ್. ಪುತ್ತೂರಿನ ಕೈಕಾರದ ಪ್ರಶಾಂತ್ ಕುಮಾರ್ ರೈ ಅವರು 8ನೇ ಸೀಸನ್‌ನಲ್ಲಿ ಪಟ್ನಾ ಪೈರೇಟ್ಸ್ ನಾಯಕರಾಗಿ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. 2022ರ ಫೆಬ್ರುವರಿಯ ಆ ಫೈನಲ್‌ನಲ್ಲಿ ಪಟ್ನಾ 36–37ರಿಂದ, ಒಂದೇ ಪಾಯಿಂಟ್‌ನಿಂದ, ಡೆಲ್ಲಿಗೆ ಸೋತಿತು. ನಾನು ಆಗ ಹೈಸ್ಕೂಲು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಪ್ರತಿಭೆಗೆ ಇಲ್ಲಿ ಬರಗಾಲವಿಲ್ಲ. ಆದರೂ ನಮ್ಮ ಕಾಲೇಜು ತಂಡ ಕಳೆದ ವರ್ಷ ವಲಯ ಮಟ್ಟದ ಟೂರ್ನಿಯಲ್ಲಿ ಮೊದಲ ಪಂದ್ಯಕ್ಕೇ ಮನೆಗೆ ಬಂತು. ಊರಿನ ಪಂದ್ಯಾಟದಲ್ಲಿ ಹೆಸರು ಮಾಡಿದ ಏಳು ಜನ ಒಟ್ಟಿಗೆ ನಿಂತಿದ್ದರು. ಏಳು ಜನರಿಗೂ ರೈಡ್ ಹೋಗಬೇಕಿತ್ತು, ಚೈನ್ ಹಿಡಿಯಲು ಯಾರಿಗೂ ಬೇಕಿರಲಿಲ್ಲ. ನಾನು ಬೆಂಚಿನಲ್ಲಿ ಕುಳಿತು ನೀರಿನ ಬಾಟಲಿ ಕೊಡುತ್ತಿದ್ದ ಬದಲಿ ಆಟಗಾರ.

ಈ ವರ್ಷ ಹೊಸ ಪಿ.ಡಿ. ಸರ್ ಬಂದರು. ಹಿಂದೆ ವಿಶ್ವವಿದ್ಯಾಲಯ ತಂಡದಲ್ಲಿ ಕವರ್ ಆಡಿದವರು. ಮೊದಲ ದಿನ ಭಾಷಣ ಮಾಡಲಿಲ್ಲ. ನಮ್ಮನ್ನೇ ಎರಡು ತಂಡ ಮಾಡಿ ಆಡಿಸಿ, ಬದಿಯಲ್ಲಿ ನಿಂತು ನೋಡಿದರು. ಮುಗಿದ ಮೇಲೆ ನನ್ನನ್ನು ಕರೆದು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟರು. ‘ನೀನು ಇಂಜಿನಿಯರಿಂಗ್ ಅಲ್ವಾ? ಪ್ರತಿ ರೈಡ್ ಬರಿ. ಯಾರು ಹೋದ, ಏನಾಯ್ತು, ಚೈನ್ ಬಿಟ್ಟದ್ದು ಯಾರು. ಅಷ್ಟು ಸಾಕು’ ಎಂದರು.

ಎರಡು ವಾರ ಬರೆದ ಮೇಲೆ ಪುಟಗಳೇ ಮಾತಾಡತೊಡಗಿದವು. ಮೊದಲನೆಯದಾಗಿ, ನಮ್ಮ ಅತಿ ಬಲಶಾಲಿ ಕಾರ್ನರ್ ಒಬ್ಬನೇ ನುಗ್ಗಿ ಆ್ಯಂಕಲ್ ಹೋಲ್ಡ್ ಮಾಡುತ್ತಿದ್ದ. ಉಳಿದವರು ಅರ್ಧ ಕ್ಷಣ ನೋಡಿ ನಂತರ ಓಡುತ್ತಿದ್ದರು. ಆ ಅರ್ಧ ಕ್ಷಣದಲ್ಲಿ ರೈಡರ್ ಗೆರೆ ಮುಟ್ಟುತ್ತಿದ್ದ. ತಪ್ಪು ಕಾರ್ನರ್‌ನದ್ದು ಎಂದು ನಾವು ಬೈಯುತ್ತಿದ್ದೆವು. ನಿಜವಾದ ತಪ್ಪು ಪಕ್ಕದವನದ್ದು. ಎರಡನೆಯದಾಗಿ, ನಾಲ್ಕೈದು ಪಾಯಿಂಟ್ ಮುಂದಿದ್ದು ಕೊನೆಯ ಐದು ನಿಮಿಷ ಉಳಿದಿರುವಾಗಲೂ ನಮ್ಮ ರೈಡರ್‌ಗಳು ಹೀರೋ ಆಗಲು ಒಳಗೆ ನುಗ್ಗಿ ಸಿಕ್ಕಿಬೀಳುತ್ತಿದ್ದರು. ಸರ್ ಹೇಳಿದರು: ‘ಮುಂದಿರುವಾಗ ಖಾಲಿ ರೈಡ್ ಕೂಡ ದುಡಿಮೆಯೇ. 30 ಸೆಕೆಂಡ್ ತಿನ್ನು, ಬಾ. ಸತತ ಎರಡು ಸಲ ಖಾಲಿ ಬಂದರೆ ಮೂರನೆಯದು ಡು ಆರ್ ಡೈ. ಅದಕ್ಕೆ ಯಾರನ್ನು ಕಳಿಸಬೇಕು ಎಂದು ಮೊದಲೇ ನಿಶ್ಚಯ ಮಾಡಿಕೊಳ್ಳಿ.’

ಮೂರನೆಯದು ನಮ್ಮ ಅಂಗಳದ್ದೇ ಸಮಸ್ಯೆ. ನಾವು ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಬೆಳೆದವರು. ಟೂರ್ನಿ ನಡೆಯುವುದು ಮ್ಯಾಟ್ ಮೇಲೆ, ಶೂ ಹಾಕಿ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಆ ಜಾರುವಿಕೆಯನ್ನೇ ಲೆಕ್ಕ ಹಾಕಿ ತಿರುಗುತ್ತೇವೆ. ಮ್ಯಾಟ್ ಕಾಲನ್ನು ಹಿಡಿದುಕೊಳ್ಳುತ್ತದೆ. ಅದೇ ತಿರುಗುವಿಕೆಯಲ್ಲಿ ಮಂಡಿ ತಿರುಚಿಕೊಳ್ಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಇರುವ ನಮ್ಮ ತಾಲ್ಲೂಕುಗಳಲ್ಲಿ ಮಣ್ಣಿನ ಅಂಕಣವೂ ಅರ್ಧ ವರ್ಷ ಕೆಸರು ಗದ್ದೆಯೇ. ಸರ್ ಎಲ್ಲಿಂದಲೋ ಹಳೆಯ ಮ್ಯಾಟ್ ತುಂಡುಗಳನ್ನು ತರಿಸಿ ಸಭಾಂಗಣದ ಮೂಲೆಯಲ್ಲಿ ಹಾಸಿದರು. ಪೂರ್ತಿ ಅಂಕಣ ಆಗಲಿಲ್ಲ, ಅರ್ಧ ಅಂಕಣ ಆಯಿತು. ಅದರಲ್ಲೇ ಬೆಳಿಗ್ಗೆ ಆರೂವರೆಗೆ ಅಭ್ಯಾಸ.

ಬೆಳಿಗ್ಗೆಯೇ ಯಾಕೆ ಎಂದು ಕೆಲವರು ಗೊಣಗಿದರು. ಸಂಜೆ ಅಭ್ಯಾಸ ಇಟ್ಟರೆ ಪಂಜ, ಗುತ್ತಿಗಾರು, ಆಲಂಕಾರು ಕಡೆಯ ಹುಡುಗರಿಗೆ ಬಸ್ ತಪ್ಪುತ್ತದೆ. ಕಳೆದ ವರ್ಷ ತಂಡದಲ್ಲಿ ಆ ಕಡೆಯವರು ಒಬ್ಬರೂ ಇರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂದೇ ನಾವು ತಿಳಿದಿದ್ದೆವು. ಆಸಕ್ತಿ ಇತ್ತು, ಬಸ್ ಇರಲಿಲ್ಲ. ಸರ್ ಮೂವರಿಗೆ ಹಾಸ್ಟೆಲ್‌ನಲ್ಲಿ ಟೂರ್ನಿ ಮುಗಿಯುವವರೆಗೆ ಉಳಿಯುವ ವ್ಯವಸ್ಥೆ ಮಾಡಿಸಿದರು. ಅವರಲ್ಲಿ ಕಡಬ ಕಡೆಯ ಒಬ್ಬ ನಮ್ಮ ಮುಖ್ಯ ರೈಡರ್ ಆದ. ತೋಟದಲ್ಲಿ ಅಡಿಕೆ ಗೊನೆ ತೆಗೆದು ಪಳಗಿದ ಕೈ. ಅವನ ಹಿಡಿತದಿಂದ ಬಿಡಿಸಿಕೊಳ್ಳಲು ಅಭ್ಯಾಸದಲ್ಲಿ ನಮಗ್ಯಾರಿಗೂ ಆಗುತ್ತಿರಲಿಲ್ಲ.

ಈ ಸಲ ವಲಯ ಟೂರ್ನಿಯಲ್ಲಿ ನಾವು ಎರಡು ಪಂದ್ಯ ಗೆದ್ದು ಸೆಮಿಫೈನಲ್ ತಲುಪಿದೆವು. ಕ್ವಾರ್ಟರ್‌ಫೈನಲ್‌ನಲ್ಲಿ ಮೂರು ಪಾಯಿಂಟ್ ಮುಂದಿದ್ದಾಗ ನಮ್ಮವನು ಖಾಲಿ ರೈಡ್ ಮಾಡಿ 29ನೇ ಸೆಕೆಂಡಿಗೆ ವಾಪಸ್ ಬಂದದ್ದನ್ನು ನೋಟ್‌ಬುಕ್‌ನಲ್ಲಿ ಬರೆಯುವಾಗ ನನ್ನ ಕೈ ನಡುಗುತ್ತಿತ್ತು. ಪ್ರೇಕ್ಷಕರು ಆ ರೈಡ್‌ಗೆ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಬೆಂಚು ಮಾತ್ರ ಎದ್ದು ನಿಂತಿತ್ತು.

ಸೆಮಿಫೈನಲ್‌ನಲ್ಲಿ ಎರಡು ಪಾಯಿಂಟ್‌ನಿಂದ ಸೋತೆವು. ಆ ದಿನ ನಮ್ಮ ಮುಖ್ಯ ರೈಡರ್ ಮ್ಯಾಟ್ ಮೇಲಿರಲಿಲ್ಲ, ಲ್ಯಾಬ್‌ನಲ್ಲಿದ್ದ. ಇಂಟರ್ನಲ್ಸ್ ಇತ್ತು. ಮತ್ತೊಮ್ಮೆ ಪರೀಕ್ಷೆ ಕೊಡುತ್ತಾರೋ ಇಲ್ಲವೋ ಎಂಬ ಖಾತ್ರಿ ಅವನಿಗೆ ಕೊನೆಯವರೆಗೂ ಸಿಗಲಿಲ್ಲ. ವಿಟಿಯುನಲ್ಲಿ ಶೇ 85 ಹಾಜರಿ ಬೇಕು. ಕ್ರೀಡೆಯಂಥ ಕಾರಣಗಳಿಗೆ ಶೇ 10ರವರೆಗೆ ವಿನಾಯಿತಿ ಕೊಡಲು ಅವಕಾಶವೂ ಇದೆ. ಆದರೆ ನಿಯಮ ಪುಸ್ತಕದಲ್ಲಿರುವ ಅವಕಾಶ ಹುಡುಗನ ಕೈಗೆ ಬರಬೇಕಾದರೆ ಪತ್ರ, ಸಹಿ, ಮತ್ತೊಂದು ಸಹಿ. ‘ಸರ್, ಮನೆಯಲ್ಲಿ ಅಪ್ಪ ಫೀಸ್ ಕಟ್ಟಿದ್ದು ಕಬಡ್ಡಿಗಲ್ಲ’ ಎಂದು ಅವನು ಕೋಚ್‌ಗೆ ಹೇಳಿದ. ಸರ್ ಅವನನ್ನು ಬೈಯಲಿಲ್ಲ. ‘ಹೋಗು, ಚೆನ್ನಾಗಿ ಬರಿ’ ಎಂದರು.

ನಾನು ಅವನನ್ನು ತಪ್ಪು ಎನ್ನಲಾರೆ. ಈ ಪುಟ ಓದುವ ನಮ್ಮಲ್ಲಿ ಹೆಚ್ಚಿನವರಿಗೆ ಕೊನೆಯ ಪ್ರಶ್ನೆ ಕೆಲಸವೇ. ಕಬಡ್ಡಿಯಿಂದ ಬ್ಯಾಂಕ್, ರೈಲ್ವೆ, ಪೊಲೀಸ್ ಇಲಾಖೆ ಸೇರಿದವರು ನಮ್ಮ ಸುತ್ತ ಇದ್ದಾರೆ. ಕ್ರೀಡಾ ಕೋಟಾ ಇದೆ. ಆದರೆ ಆ ಬಾಗಿಲು ತೆರೆಯುವುದು ರಾಜ್ಯ, ಅಂತರ ವಿಶ್ವವಿದ್ಯಾಲಯ ಮಟ್ಟ ಮುಟ್ಟಿದವರಿಗೆ. ವಲಯದ ಸೆಮಿಫೈನಲ್‌ನಲ್ಲೇ ಲ್ಯಾಬ್‌ಗೆ ಹೋಗಬೇಕಾದ ಹುಡುಗ ಅಲ್ಲಿಗೆ ತಲುಪುವುದಾದರೂ ಹೇಗೆ? ಆಟವೂ ಇಲ್ಲ, ಕೋಟಾವೂ ಇಲ್ಲ. ಕೊನೆಗೆ ‘ಕಬಡ್ಡಿ ಆಡಿ ಏನು ಸಿಕ್ಕಿತು?’ ಎಂದು ಅವನನ್ನೇ ಕೇಳುತ್ತೇವೆ.

ಬುಲ್ಸ್ ಮತ್ತು ನಮ್ಮ ತಂಡವನ್ನು ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇದು. ಒಳ್ಳೆಯ ಕೋಚ್ ಒಂದು ಸೀಸನ್‌ನಲ್ಲಿ ಬದಲಾಯಿಸಬಹುದಾದ ಸಂಗತಿಗಳಿವೆ: ಯಾರಿಗೆ ಯಾವ ಜಾಗ, ಯಾವಾಗ ನುಗ್ಗಬೇಕು, ಯಾವಾಗ ಸುಮ್ಮನಿರಬೇಕು, ಸೋತಾಗ ಯಾರನ್ನು ಬೈಯಬಾರದು. ಇದು ಸ್ಕೋರಿನಲ್ಲಿ ಕಾಣುತ್ತದೆ. ಕೋಚ್ ಕೈಗೆ ಸಿಗದ ಸಂಗತಿಗಳೂ ಇವೆ: ಮ್ಯಾಟ್, ಬಸ್, ಪರೀಕ್ಷೆಯ ದಿನಾಂಕ, ಹಾಜರಿ ಪುಸ್ತಕ. ಪ್ರೊ ಕಬಡ್ಡಿ ತಂಡದಲ್ಲಿ ಇವನ್ನು ನೋಡಿಕೊಳ್ಳಲು ಬೇರೆ ಜನ ಇರುತ್ತಾರೆ. ಕಾಲೇಜಿನಲ್ಲಿ ಪಿ.ಡಿ. ಸರ್ ಒಬ್ಬರೇ ಕಬಡ್ಡಿ, ವಾಲಿಬಾಲ್, ಕ್ರೀಡಾಕೂಟದ ಪೆಂಡಾಲ್, ಶಿಸ್ತು ಸಮಿತಿ ಎಲ್ಲವನ್ನೂ ನೋಡಬೇಕು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮೂರು ತಾಲ್ಲೂಕುಗಳ ಕಾಲೇಜುಗಳು ಸೇರಿ ಒಂದು ಕಡೆಯಾದರೂ ಮಳೆಗಾಲಕ್ಕೆ ಸೂರಿನಡಿ ಪೂರ್ತಿ ಮ್ಯಾಟ್ ಹಾಸಲಿ, ಸರದಿಯಲ್ಲಿ ಎಲ್ಲರೂ ಅಭ್ಯಾಸ ಮಾಡೋಣ. ಟೂರ್ನಿಯ ದಿನ ಬಂದ ಪರೀಕ್ಷೆಯನ್ನು ಮತ್ತೆ ಬರೆಯಲು ಅವಕಾಶ ಇದೆಯೋ ಇಲ್ಲವೋ ಎಂಬುದನ್ನು ತಂಡ ಆಯ್ಕೆಯಾದ ದಿನವೇ ಬರೆದು ಕೊಡಲಿ. ಕೋಚ್‌ಗೆ ಎರಡು ಮೂರು ವರ್ಷವಾದರೂ ಸಮಯ ಸಿಗಲಿ.

ಕೊನೆಯ ಮಾತನ್ನು ಬರೆಯಲು ಕಾರಣವಿದೆ. ಬುಲ್ಸ್ ತನ್ನ ಹಳೆಯ ಕೋಚ್‌ಗೆ 11 ಸೀಸನ್ ಕೊಟ್ಟಿತ್ತು. ನಮ್ಮ ಸರ್‌ಗೆ ಇರುವುದು 11 ತಿಂಗಳ ಒಪ್ಪಂದ. ಅದು ನವೀಕರಣ ಆಗುತ್ತದೋ ಇಲ್ಲವೋ ಎಂದು ಅವರನ್ನು ಕೇಳಿದೆ. ‘ಅದು ನನ್ನ ರೈಡ್ ಅಲ್ಲ’ ಎಂದು ನಕ್ಕರು. ನೋಟ್‌ಬುಕ್ ಹಿಂದಿರುಗಿಸಲು ಹೋದರೆ ತೆಗೆದುಕೊಳ್ಳಲಿಲ್ಲ. ಇನ್ನೂ ಅರ್ಧ ಪುಟಗಳು ಖಾಲಿ ಇವೆ, ಬರುವ ವರ್ಷ ಯಾರು ಕೋಚ್ ಆದರೂ ಅವರಿಗೆ ತೋರಿಸು ಎಂದರು.

ಗ್ರೂಪಿನಲ್ಲಿ ಕಾಲು ಉದ್ದ ಆಗ್ತದಾ ಎಂದು ಕೇಳಿದವನು ಈಗ ನಮ್ಮ ಲೆಫ್ಟ್ ಕವರ್. ಮೊನ್ನೆ ಅವನಿಗೆ ಅದೇ ಪ್ರಶ್ನೆಯನ್ನು ನಾನು ತಿರುಗಿ ಕೇಳಿದೆ. ‘ಕಾಲು ಉದ್ದ ಆಗ್ಲಿಲ್ಲ ಮಾರಾಯ’ ಎಂದ, ‘ಕಾಲು ಎಲ್ಲಿ ಇಡ್ಬೇಕು ಅಂತ ಗೊತ್ತಾಯ್ತು.’